ಮೊದಲ ಮಾತಿಗೇ ಒಪ್ಪದವರು

ನಮ್ಮ ಯಜಮಾನರಿಗೆ ಜಗತ್ತಿನ ಯಾವ ಅಂಕಿಯ ಮೇಲೂ ನಂಬಿಕೆಯಿರಲಿಲ್ಲ. ಗೋಡೆಯ ಗಡಿಯಾರ ಹತ್ತು ಹೊಡೆದರೂ ಅವರ ಪ್ರಕಾರ ಅದು ಗಡಿಯಾರದ ಮೊದಲ ಮಾತು ಅಷ್ಟೆ. ಕೂತು ಮಾತಾಡಿದರೆ ಒಂಬತ್ತೂವರೆಗೆ ಬರುತ್ತದೆ! ಹುಮನಾಬಾದಿನಲ್ಲಿ ಬಟ್ಟೆ ಅಂಗಡಿ, ಬಸವಕಲ್ಯಾಣದಲ್ಲಿ ಮನೆ. ಚೌಕಾಸಿ ಅವರ ಕಸುಬು ಎಂದರೆ ಒಪ್ಪಬಹುದಿತ್ತು. ಅಂಗಡಿಯ ಬಾಗಿಲು ಹಾಕಿದ ಮೇಲೂ ಅದು ನಿಲ್ಲುತ್ತಿರಲಿಲ್ಲವಲ್ಲ!

ನನ್ನನ್ನು ನೋಡಲು ನನ್ನ ತವರು ಘಾಟಬೋರಾಳಕ್ಕೆ ಬಂದ ದಿನವೇ ಇದು ಬಯಲಾಯಿತು. ಹುಡುಗಿಯ ವಯಸ್ಸೆಷ್ಟು ಎಂದು ತಾವೇ ಕೇಳಿದರು. ನಮ್ಮಪ್ಪ ಇಪ್ಪತ್ತು ಎಂದರು.

“ಹದಿನೆಂಟು ಮಾಡ್ರಿ, ಮಾವಾರ.”

“ಅಕಿ ಹುಟ್ಟಿದಾಗ ಮನ್ಯಾಗ ನಾ ಇದ್ದೆನೋ, ನೀವು ಇದ್ದಿರೋ?” ಎಂದು ಅಪ್ಪ ಕೆರಳಿದರು.

ಕೊನೆಗೆ ಹತ್ತೊಂಬತ್ತಕ್ಕೆ ಕುದುರಿತು. ಇವತ್ತಿಗೂ ರೇಷನ್ ಕಾರ್ಡಿನಲ್ಲಿ ನಾನು ನನಗಿಂತ ಒಂದು ವರ್ಷ ಚಿಕ್ಕವಳು. ಮದುವೆಗೆ ಮೊದಲೇ ಹೆಂಡತಿಗೆ ಒಂದು ವರ್ಷ ಕಡಿಮೆ ಮಾಡಿಸಿದ ಗಂಡ ಬೇರೆ ಯಾರಿಗೆ ಸಿಕ್ಕಿದ್ದಾನೆ?

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಅರ್ಧ ಗಂಟೆ ತಡ ಎಂದರೆ ಇವರು “ಹತ್ತು ನಿಮಿಷಕ್ಕ ಬಿಡ್ರಿ” ಎನ್ನುವರು. “ಇಪ್ಪತ್ತು, ಇನ್ನ ಮಾತಾಡಬ್ಯಾಡ್ರಿ!” ಎಂದು ಅವನು ಚೀರುವನು. ಇಪ್ಪತ್ತೇ ನಿಮಿಷಕ್ಕೆ ಚಹಾದ ಕಪ್ಪು ಅರ್ಧಕ್ಕೆ ಬಿಟ್ಟು ಡ್ರೈವರ್ ಓಡಿ ಬರುವನು. ನಾನು ಸೆರಗನ್ನು ಮುಖದ ಮೇಲೆಳೆದು ಯಾರ ಹೆಂಡತಿಯೋ ಎಂಬಂತೆ ನಿಲ್ಲುತ್ತಿದ್ದೆ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅವರಿಗೆ ಊಟ ಸೇರದಾಯಿತು. ಸೊಲ್ಲಾಪುರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ವಾರವಿಡೀ ಪರೀಕ್ಷೆ ನಡೆಯಿತು. ಕನ್ನಡ ಬಲ್ಲ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಹೊಟ್ಟೆಯ ಕ್ಯಾನ್ಸರ್, ನಾಲ್ಕನೇ ಸ್ಟೇಜ್ ಎಂದು ಮೆಲ್ಲಗೆ ಹೇಳಿದರು.

ನಮ್ಮವರು ಕುರ್ಚಿಯನ್ನು ಮುಂದಕ್ಕೆ ಸರಿಸಿದರು. “ಮೂರು ಮಾಡ್ರಿ, ಸಾಹೇಬ್ರ. ದೂರದಿಂದ ಬಂದೀವಿ.”

ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ಕೂತರು. ಆ ಕನ್ನಡಕ ಅಷ್ಟೇನೂ ಹೊಲಸಾಗಿರಲಿಲ್ಲ.

ವಾರ್ಡಿಗೆ ಸೇರಿಸಿದ ಮೇಲೂ ಬುದ್ಧಿ ಬಂತೇ? ಸಲೈನ್ ಮೂರು ಬಾಟಲಿ ಎಂದರೆ ಎರಡು ಸಾಕು. ಇಂಜೆಕ್ಷನ್ ಎರಡು ಎಂದರೆ ಒಂದೂವರೆ! “ಕಾಕಾ, ಇದೇನು ಸಂತಿ ಅಂತ ತಿಳಕೊಂಡೀರೇನ್ರಿ?” ಎಂದು ನರ್ಸಮ್ಮ ರೇಗಿದರೆ, “ಸಂತ್ಯಾಗ ಇಷ್ಟು ಹಟ ಯಾರೂ ಮಾಡಂಗಿಲ್ಲವ್ವಾ” ಎನ್ನುವರು.

ಇದೆಲ್ಲ ನಗುವ ಮಾತು. ನಗಲಾಗದ್ದು ಒಂದಿತ್ತು. ನರ್ಸಮ್ಮ ದಿನಾ ಬೆಳಿಗ್ಗೆ ಒಂದು ಹಾಳೆ ಹಿಡಿದು ಬಂದು, ನೋವು ಹತ್ತರಲ್ಲಿ ಎಷ್ಟಿದೆ ಎಂದು ಕೇಳುತ್ತಿದ್ದಳು. ಹೇಳಿದ ಅಂಕಿಯ ಮೇಲೆ ಔಷಧಿ.

“ಎರಡು” ಎನ್ನುತ್ತಿದ್ದರು ಇವರು.

ಅವಳು ಎರಡು ಎಂದು ಬರೆದುಕೊಂಡು, ನೆಗಡಿ ಜ್ವರಕ್ಕೆ ಕೊಡುವಂಥ ಒಂದು ಗುಳಿಗೆ ಇಟ್ಟು ಹೋಗುವಳು. ಅವಳ ಬೆನ್ನು ಮರೆಯಾಗುವುದೇ ತಡ, ಇವರು ಟವೆಲ್ಲಿನ ಚುಂಗು ಬಾಯಿಗಿಟ್ಟು ಕಚ್ಚುವರು. ಮೂರು ದಿನದಲ್ಲಿ ಟವೆಲ್ಲಿಗೆ ತೂತು ಬಿತ್ತು.

“ಎರಡಕ್ಕ ಹಿಂಗ ಒದ್ದಾಡ್ತಾರೇನ್ರಿ? ಖರೇ ಹೇಳಾಕ ಏನಾಗ್ತದ ನಿಮಗ?” ಎಂದು ನಾನು ಅತ್ತೆ.

“ಹುಚ್ಚಿ, ಮೊದಲಿಗೇ ಯಾರರ ಖರೇ ರೇಟ್ ಹೇಳ್ತಾರೇನು? ನಾ ಎರಡು ಅಂದೆ. ಅಕಿ ‘ಎರಡು ಆಗಂಗಿಲ್ಲ, ಒಂಬತ್ತು ಅನ್ರಿ’ ಅನಬೇಕು. ಆಮ್ಯಾಲ ಇಬ್ಬರೂ ಕೂಡಿ ಏಳಕ್ಕ ಬರಬೇಕು. ಆ ಹುಡುಗಿ ಅಂದದ್ದ ಬರಕೊಂಡು ಹೋಗಾಕತ್ತಾಳ! ವ್ಯಾಪಾರನೇ ತಿಳಿಯಂಗಿಲ್ಲ ಅಕಿಗಿ.”

ಅಂದರೆ ಏಳರ ನೋವಿಟ್ಟುಕೊಂಡು, ಎದುರು ಮಾತು ಬರಲೆಂದು ಮೂರು ದಿನ ಕಾದಿದ್ದಾರೆ ಮಹಾರಾಯರು! ನಾನು ನರ್ಸಮ್ಮನ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಹಾಳೆ ತಗೊಂಡು ನನ್ನ ಹಿಂದೆಯೇ ಬಂದಳು.

“ಕಾಕಾ, ಹತ್ತರಾಗ ಎಷ್ಟದ?”

“ಎರಡು.”

ಅವಳು ಸೊಂಟದ ಮೇಲೆ ಕೈಯಿಟ್ಟಳು. “ಎರಡು ಆಗಂಗಿಲ್ಲ. ಒಂಬತ್ತು.”

ಆಹಾ, ಆಗ ಅವರ ಮುಖ ನೋಡಬೇಕಿತ್ತು! ಎದ್ದು ದಿಂಬಿಗೊರಗಿ ಕೂತರು. “ಒಂಬತ್ತು ಭಾಳಾತವ್ವಾ. ನಾಕು ಬರಕೋ.”

“ಎಂಟಕ್ಕಿಂತ ಕೆಳಗ ಇಳ್ಯಂಗಿಲ್ಲ.”

“ಬೋಣಿಗಿ ಹೊತ್ತು. ನಿಂದೂ ಬ್ಯಾಡ, ನಂದೂ ಬ್ಯಾಡ. ಏಳು!”

ಏಳಕ್ಕೆ ಜೋರಿನ ಔಷಧಿ ಬಂತು. “ಹುಡುಗಿ ಕಲೀತಾಳ” ಎಂದು ಸರ್ಟಿಫಿಕೇಟು ಕೊಟ್ಟು, ಅವತ್ತು ಮಧ್ಯಾಹ್ನ ಬಾಯಿ ತೆರೆದುಕೊಂಡು ಮಲಗಿದರು. ಆ ಗೊರಕೆಗೆ ಪಕ್ಕದ ಮಂಚದವರು ಬೈದರು. ನಾನು ಅದನ್ನು ಕೇಳುತ್ತ ಹೊಟ್ಟೆತುಂಬ ಉಂಡೆ.

ಹತ್ತು ದಿನ ಕಳೆದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದರು. “ಮನಿಗಿ ಕರಕೊಂಡು ಹೋಗ್ರಿ, ಅವ್ವಾ. ನೋವಿನ ಔಷಧಿ ಕೊಡ್ತೀನಿ. ಇನ್ನ ಒಂದು ವಾರ ಇದ್ದಾರು.”

ನಾನು ಹುಟ್ಟಿದಾಗಿನಿಂದ ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡಿದವಳಲ್ಲ. ಬಾಯಿ ತಾನಾಗಿ ತೆರೆಯಿತು.

“ಹದಿನೈದು ದಿನ ಮಾಡ್ರಿ, ಸಾಹೇಬ್ರ.”

ಡಾಕ್ಟರು ನಗಲಿಲ್ಲ. “ನೋಡೋಣ್ರಿ” ಎಂದರು.

ಬಸವಕಲ್ಯಾಣದ ಮನೆಯಲ್ಲಿ ಅವರು ಹನ್ನೊಂದನೇ ದಿನ ಹೋದರು. ಡಾಕ್ಟರು ಹೇಳಿದ್ದಕ್ಕಿಂತ ನಾಲ್ಕು ದಿನ ಹೆಚ್ಚೇ ಇದ್ದರಲ್ಲ ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ನನಗೆ ಸಮಾಧಾನವಿಲ್ಲ. ಅಷ್ಟು ವರ್ಷ ಅವರ ಪಕ್ಕದಲ್ಲಿ ನಿಂತೂ ನಾನೇನು ಕಲಿತೆ? ಹದಿನೈದು ದಿನ ಎಂದು ಯಾಕೆ ಕೇಳಿದೆ? ಇಪ್ಪತ್ತು ವರ್ಷದಿಂದ ಶುರು ಮಾಡಬೇಕಿತ್ತು.