ಮಾವನ ಹದಿನೇಳು ಕೀಬೋರ್ಡುಗಳು

ನಮ್ಮ ಸೋದರಮಾವ ತಾವೇ ಮಾಡಿದ ಆ್ಯಪ್ ಒಂದನ್ನು ಬಿಟ್ಟು ಲೋಕದ ಎಲ್ಲ ಆ್ಯಪ್ ಬಳಸುತ್ತಾರೆ! ನಾನು ವರದಿಗಾರ, ಎಣಿಸದೆ ಬರೆಯುವವನಲ್ಲ. ಅವರ ಮೊಬೈಲಿನಲ್ಲಿ ಹದಿನೇಳು ಕನ್ನಡ ಕೀಬೋರ್ಡುಗಳಿವೆ.

ರಾಣೆಬೆನ್ನೂರಿನಲ್ಲಿ ಟೈಪಿಂಗ್ ಕಲಿಸಿ ನಿವೃತ್ತರಾದವರು. ಪಾರ್ಶ್ವವಾಯು ಬಡಿದು ಅತ್ತೆಯ ಮಾತು, ಬಲಗೈ ಎರಡೂ ಹೋದಾಗ, ಆಕೆ ಎಡ ಹೆಬ್ಬೆರಳಿನಿಂದ ಬರೆಯಲೆಂದು ಕೀಬೋರ್ಡ್ ಮಾಡಲು ಕುಳಿತರು. ಬ್ಯಾಡಗಿಯ ಗಣಿತ ಟೀಚರ್ ಮುಮ್ತಾಜ್, ಹಾವೇರಿಯ ಮೊಬೈಲ್ ರಿಪೇರಿಯವನೊಬ್ಬ ಜೊತೆಯಾದರು. ಮೂರೇ ಜನ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಪುಕ್ಕಟೆ ಆ್ಯಪ್. ಆದರೆ ಒಂಬತ್ತು ತಿಂಗಳಲ್ಲಿ ಅತ್ತೆ ಅದರಲ್ಲಿ ಬರೆದದ್ದು ಎರಡೇ ಪದ: ‘ನೀರು’, ‘ಗುಳಗಿ’.

ಮಾವ ಬೇರೆಯವರ ಆ್ಯಪ್‌ಗಳ ಅಭ್ಯಾಸಕ್ಕೆ ಇಳಿದರು. ಹಾವೇರಿ ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬನ ಮೊಬೈಲಿಗೆ ಕಣ್ಣು ನೆಟ್ಟು ಕುಳಿತರು.

“ಏನ್ರೀ ಯಜಮಾನ್ರ, ಹೆಂಡತಿಗೆ ಬರಿಯಾಕತ್ತೇನಿ. ನೀವ್ಯಾಕ ಓದತೀರಿ?”

“ಓದಾಕತ್ತಿಲ್ರಿ, ಎಣಸಾಕತ್ತೇನಿ. ‘ಸಿಟ್ಟಾಗಬ್ಯಾಡ’ ಅನ್ನಾಕ ಹದಿನಾಲ್ಕು ಸಲ ಒತ್ತಿದ್ರಿ. ನಮ್ಮದರಾಗ ಒಂಬತ್ತ ಸಾಕು!”

ಹೊಡೆತ ಬೀಳದಿದ್ದದ್ದು ಅತ್ತೆಯ ಪುಣ್ಯ.

ಒಂದು ಬೆಳಿಗ್ಗೆ ನನಗೆ ಮಾವನ ಸಂದೇಶ: ‘ಮನ್ಯಾಗ ಐಟಿ. ಲಗೂ ಬಾ.’ ಟೈಪಿಂಗ್ ಮಾಸ್ತರರ ಮನೆಗೆ ಆದಾಯ ತೆರಿಗೆ ದಾಳಿಯೇ? ಸುದ್ದಿಮನೆಗೂ ಹೇಳದೆ ಹಾವೇರಿಯಿಂದ ಬೈಕಿನಲ್ಲಿ ಧಾವಿಸಿದೆ. ಮಾವ ಗಿರಮಿಟ್ ತಿನ್ನುತ್ತ ಕುಳಿತಿದ್ದರು.

“‘ಮನ್ಯಾಗ ಗಿರಮಿಟ್ ಐತಿ’ ಅಂತ ಬರದಿದ್ನೋ. ಈ ಆ್ಯಪು ಗಿರಮಿಟ್ ನುಂಗಿ, ಐತಿನ ಐಟಿ ಮಾಡೈತಿ. ಎಂಥಾ ಛಲೋ ತಪ್ಪು!”

ಮುಮ್ತಾಜ್‌ಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. “ಇರೋದ ಮೂರ ಮಂದಿ ಸರ್. ಮಂದೀದು ನೋಡಕೋತ ಕುಂತ್ರ ನಮ್ಮದು ಯಾವಾಗ ಮಾಡೋದು? ಕಡೀಕ ನಮ್ಮದೂ ಅವರದರಂಗ ಆಗತೈತಿ.” ಮಾತು ಖರೆಯೇ ಎಂದು ನನಗೂ ಅನಿಸಿತ್ತು.

ಕಳೆದ ಭಾನುವಾರ ಮುಮ್ತಾಜ್, ನಾನು ಇಬ್ಬರೂ ಮಾವನ ಮನೆಯಲ್ಲಿದ್ದೆವು. ಅತ್ತೆಯ ಮೊಬೈಲ್ ನೋಡಿ ಮುಮ್ತಾಜ್ ಚೀರಿಯೇಬಿಟ್ಟಳು.

“ಯಾ ಅಲ್ಲಾ! ಸರ್, ನಮ್ಮ ಆ್ಯಪ್ ಎಲ್ಲಿ?”

“ತಗದೇನವಾ. ಇದು ಬ್ಯಾರೆಯವರದು. ಇದರಾಗ ಅಕ್ಷರ ಎಲ್ಲಾ ಆಕಿ ಹೆಬ್ಬೆರಳಿಗೆ ಸಿಗೂವಂಗ ಎಡಕ್ಕ ಸರದು ಕುಂದರತಾವ. ನಾವು ಹಂಗ ಮಾಡೂದು ಕಲಿಯೂತನಕ ಆಕಿ ಸುಮ್ಮನ ಕುಂದರಬೇಕೇನು?”

ಅಷ್ಟರಲ್ಲಿ ಮಾವನ ಮೊಬೈಲ್ ಗುಂಯ್‌ಗುಟ್ಟಿತು. ಎದುರಿಗೇ ಕುಳಿತಿದ್ದ ಅತ್ತೆ ಕಳಿಸಿದ್ದು:

‘ಅಂಗಿ ಗುಂಡಿ ತಪ್ಪಿಸಿ ಹಾಕೀರಿ.’

ಪಾರ್ಶ್ವವಾಯು ಬಡಿದ ಮೇಲೆ ಆಕೆಯ ಮೊದಲ ಪೂರ್ಣ ವಾಕ್ಯ! ಮಾವ ಅಂಗಿಯನ್ನು ಮುಟ್ಟಲಿಲ್ಲ. ಕುರ್ಚಿ ಎಳೆದು ಆಕೆಯ ಪಕ್ಕಕ್ಕೆ ಕುಳಿತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಇಷ್ಟ ದಿನ ಇನ್ನೇನೇನ ತಪ್ಪ ಮಾಡೇನಿ, ಎಲ್ಲಾ ಬರಿ,” ಎಂದರು.

ಅತ್ತೆಯ ಹೆಬ್ಬೆರಳು ಆಗಲೇ ಓಡುತ್ತಿತ್ತು.