ಬೇಯದ ಬೇಳೆ, ವರನಿಲ್ಲದ ಮದುವೆ

ಬಾವಿ ತೋಡಿಸುವವರಿಗೆ ಪುಣ್ಯ, ಹರಕೆ, ಹೆಸರು, ಮುಂದೆ ಬರಲಿರುವ ಚುನಾವಣೆ, ಹೀಗೆ ನಾನಾ ಕಾರಣಗಳಿರುತ್ತವೆ. ಆದರೆ ತೊಗರಿಬೇಳೆಯ ಮೇಲಿನ ಸಿಟ್ಟಿಗೆ ಬಾವಿ ತೋಡಿಸಿದ ಹೆಂಗಸು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಅತ್ತೆ ಒಬ್ಬಳೇ! ನಂಬುವುದಿಲ್ಲವೆ? ಮೊದಮೊದಲು ನಾವೂ ನಂಬಿರಲಿಲ್ಲ. ಆಮೇಲೆ ನಂಬಿದೆವು. ಅದಕ್ಕೂ ಆಮೇಲೆ, ನಂಬಿದ್ದೇ ತಪ್ಪು ಎಂದು ಗೊತ್ತಾಯಿತು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಅವಳಿಗೆ ಮದುವೆಯಾಗಿರಲಿಲ್ಲ. ಆದರೆ ಅವಳಿಲ್ಲದೆ ಯಾರ ಮದುವೆಯೂ ಆಗುತ್ತಿರಲಿಲ್ಲ. ಹಡಗಲಿಯಿಂದ ಕೂಡ್ಲಿಗಿಯವರೆಗೆ ನಮ್ಮ ಬಳಗದಲ್ಲಿ ಎಲ್ಲಿ ಚಪ್ಪರ ಹಾಕಿದರೂ ಅಡುಗೆಯ ಒಲೆಯ ಮುಂದೆ ಅತ್ತೆ ಸೆರಗು ಬಿಗಿದು ನಿಂತಿರಬೇಕು. ಅವಳ ಸಾರು ಉಣ್ಣುವುದಕ್ಕೆಂದೇ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಜಗಳ ನಿಲ್ಲಿಸಿ ಪಂಕ್ತಿಗೆ ಕೂಡುತ್ತಿದ್ದರು. ಅಡುಗೆ ಮುಗಿಸಿ ಕೈ ತೊಳೆದುಕೊಂಡು ಬಂದು ಮದುಮಕ್ಕಳಿಗೆ ಒಂದು ಹೊಸ ಕೊಡ ಮುಯ್ಯಿ ಮಾಡುತ್ತಿದ್ದಳು. ಮೊದಲು ಹಿತ್ತಾಳೆಯದು, ಕಾಲ ಕೆಟ್ಟಮೇಲೆ ಸ್ಟೀಲಿನದು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬರುತ್ತಿದ್ದಳು. ಒಮ್ಮೆ ಕಂಡಕ್ಟರು ಕೊಡಕ್ಕೂ ಟಿಕೆಟ್ ತಗೋ ಎಂದದ್ದಕ್ಕೆ ಅವನ ಮದುವೆಯಾಗಿದೆಯೇ ಎಂದು ವಿಚಾರಿಸಿ, ಆಗಿಲ್ಲ ಎಂದಾಗ, ನಿನಗೂ ಒಂದು ಕೊಡ ತರುತ್ತೇನೆ ಸುಮ್ಮನಿರು ಎಂದಳಂತೆ. ತಂದಳು ಕೂಡ!

ಅಜ್ಜ ಅಜ್ಜಿ ಹೋದಮೇಲೆ ಹರಪನಹಳ್ಳಿಯ ನಮ್ಮ ಮನೆಯಲ್ಲಿ ಸ್ವಲ್ಪ ದಿನ ಇದ್ದಳು. ಒಂದು ಅಡುಗೆಮನೆಯಲ್ಲಿ ಇಬ್ಬರು ಉಪ್ಪು ಹಾಕಿದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಅವ್ವನ ಮೇಲೆ ಮುನಿಸಿಕೊಂಡು, ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿದ್ದ ಒಂದು ಅನಾಥಾಶ್ರಮಕ್ಕೆ ಅಡುಗೆ ಮಾಡಲು ಹೋದಳು. ನಿವೃತ್ತಿಯಾದ ಮೇಷ್ಟ್ರೊಬ್ಬರು ನಾಲ್ಕು ಹೆಂಚಿನ ಕೋಣೆಗಳಲ್ಲಿ ನಡೆಸುತ್ತಿದ್ದ ಆಶ್ರಮ ಅದು. ಸಿಟ್ಟು ಇಳಿದಮೇಲೆ ಬರುತ್ತಾಳೆ ಎಂದುಕೊಂಡೆವು. ಬರಲಿಲ್ಲ, ಏಕೆಂದರೆ ಅಲ್ಲಿ ಅವಳಿಗೆ ಅವ್ವನಿಗಿಂತ ದೊಡ್ಡ ವೈರಿ ಸಿಕ್ಕಿತ್ತು.

ಆಶ್ರಮಕ್ಕೆ ಇದ್ದದ್ದು ಒಂದೇ ಕೈಪಂಪು, ಬರುತ್ತಿದ್ದದ್ದು ಸವಳು ನೀರು. ಸೋಪು ನೊರೆ ಬರುವುದಿಲ್ಲ, ಚಹಾ ಒಡೆಯುತ್ತದೆ, ಇನ್ನು ಬೇಳೆಯ ಮಾತು ಬೇಡವೇ ಬೇಡ. ಬೆಳಕು ಹರಿಯುವ ಮೊದಲು ಒಲೆಗೆ ಇಟ್ಟ ಬೇಳೆ ಹುಡುಗರು ಶಾಲೆಗೆ ಹೊರಟರೂ ಕಲ್ಲಿನ ಹಾಗೆ ಕೂತಿರುತ್ತಿತ್ತು. ಇಡೀ ಬಳಗವನ್ನೇ ಸಾರಿನಲ್ಲಿ ಆಳಿದ ಅತ್ತೆಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ? ನಾನು ಮೊದಲ ಸಲ ನೋಡಲು ಹೋದಾಗ ಅವಳು ಪಾತ್ರೆಯ ಮುಂದೆ ಕೂತು ಬೇಳೆಯನ್ನು ಬಯ್ಯುತ್ತಿದ್ದಳು.

"ಏನ ನಿನ್ನ ಹಟ? ಹೆಣ್ಣು ನೋಡಾಕ ಬಂದೋರ ಮುಂದ ಕುಂತಂಗ ಬಿಗ್ದಕಂಡು ಕುಂತಿಯಲ್ಲ."

ನಾನು ನಕ್ಕೆ. ಅವಳೂ ನಕ್ಕಳು, ಎಂದಿನಂತೆ ಬಾಯಿಗೆ ಅಂಗೈ ಅಡ್ಡ ಹಿಡಿದು. ಅಲ್ಲೇ ಆಡುತ್ತಿದ್ದ ಹುಡುಗಿಯರೂ ನಕ್ಕರು, ಅವರೂ ಬಾಯಿಗೆ ಅಂಗೈ ಅಡ್ಡ ಹಿಡಿದು. ಅತ್ತೆಯನ್ನು ನೋಡಿ ಕಲಿತಿರಬೇಕು ಎಂದುಕೊಂಡೆ. ಮಗನ ಹುಟ್ಟುಹಬ್ಬಕ್ಕೆಂದು ಹಗರಿಬೊಮ್ಮನಹಳ್ಳಿಯಿಂದ ಸಿಹಿ ಹಂಚಲು ಬಂದ ಒಬ್ಬ ದೊಡ್ಡ ಮನುಷ್ಯರಂತೂ, ಎಂಥ ಸಂಸ್ಕಾರವಂತ ಮಕ್ಕಳು, ಹಲ್ಲು ಕಾಣುವಂತೆ ನಗುವುದೇ ಇಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ಮೇಷ್ಟ್ರು ತಲೆ ತಗ್ಗಿಸಿದರು. ಆ ದೊಡ್ಡ ಮನುಷ್ಯರು ಹೋದಮೇಲೆ ನನಗೆ ವಿಷಯ ಹೇಳಿದರು. ಚಿಕ್ಕಂದಿನಿಂದ ಆ ನೀರು ಕುಡಿದ ಮಕ್ಕಳಿಗೆ ಹಾಲುಹಲ್ಲು ಬಿದ್ದು ಬರುವ ಹಲ್ಲೆಲ್ಲ ಕಂದುಬಣ್ಣ. ತಿಕ್ಕಿದರೆ ಹೋಗುವಂಥದ್ದಲ್ಲ. ಶಾಲೆಯಲ್ಲಿ ಬೇರೆ ಮಕ್ಕಳು ಅಣಕಿಸುತ್ತಾರೆ. ಅದಕ್ಕೇ ಈ ಕೈ. ಮೇಷ್ಟ್ರು ಇದನ್ನು ಹೇಳುವಾಗ ಅತ್ತೆ ಎದ್ದು ಒಳಗೆ ಹೋದಳು. ಹಲ್ಲಿನ ಸುದ್ದಿ ತೆಗೆದರೆ ಅವಳು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅವಳ ತಕರಾರು ಬೇಳೆಯದಷ್ಟೇ!

ಅತ್ತೆಯ ಬೇಳೆಯ ಗೋಳು ಕೇಳಿ ಕೇಳಿ ಎಣ್ಣೆಮಿಲ್ಲಿನ ಧಣಿಯೊಬ್ಬರು ಬೋರು ಕೊರೆಸಿ ಕೊಡಲು ಒಪ್ಪಿದರು. ಧಣಿಗಳ ಉತ್ಸಾಹ ಎಷ್ಟೆಂದರೆ ಬೋರಿನ ಲಾರಿಗಿಂತ ಮೊದಲೇ ಅವರ ಹೆಸರಿನ ಕರಿಕಲ್ಲು ಬಂದು ಇಳಿಯಿತು. ಹೆಸರು ಎಷ್ಟು ದೊಡ್ಡದೆಂದರೆ ಆಶ್ರಮದ ಹೆಸರಿಗೆ ಕಲ್ಲಿನಲ್ಲಿ ಜಾಗ ಸಾಲದೆ ಮೂಲೆಗೆ ಹೋಗಿತ್ತು. ಲಾರಿ ಬಂತು, ಊರೆಲ್ಲ ಧೂಳಾಯಿತು, ನೀರು ಚಿಮ್ಮಿತು, ಹಾರ ಬಿತ್ತು. ಅತ್ತೆ ಮಾತ್ರ ಮೂರು ಕಲ್ಲು ಹೂಡಿ ಆ ನೀರಿನಲ್ಲೇ ಬೇಳೆ ಇಟ್ಟಳು. ಬಂದವರೆಲ್ಲ ಊಟಕ್ಕೆ ಕಾದರು, ಕಾದರು, ಹೊತ್ತು ಇಳಿಯಿತು. ಕೊನೆಗೆ ಬಡಿಸಿದಾಗ ಧಣಿಗಳ ಬಾಯಿಂದ ಬಂದ ಕಟುಂ ಎಂಬ ಸದ್ದು ಪಂಕ್ತಿಯ ಆಚೆ ತುದಿಗೂ ಕೇಳಿಸಿತು. ಆ ಕರಿಕಲ್ಲಿನ ಮೇಲೆ ಮುಂದೆ ಹುಡುಗಿಯರು ಬಟ್ಟೆ ಒಗೆಯುತ್ತಿದ್ದರು. ನೊರೆ ಬಾರದಿದ್ದರೂ ಧಣಿಗಳ ಹೆಸರು ಮಾತ್ರ ದಿನವೂ ತೊಳೆದು ಸ್ವಚ್ಛವಾಗಿರುತ್ತಿತ್ತು.

ಅಲ್ಲಿಂದ ಶುರುವಾಯಿತು ಅತ್ತೆಯ ಬೇಳೆ ಪರೀಕ್ಷೆ. ಸುತ್ತಲ ಹೊಲಗಳಲ್ಲಿ ಎಲ್ಲಿ ನೀರು ಕಂಡರೂ ಒಂದು ಕೊಡ ತುಂಬಿಕೊಂಡು ಬಂದು ಒಂದು ಹಿಡಿ ಬೇಳೆ ಬೇಯಿಸುವುದು. ಹುಡುಗರಿಗೆ ಪ್ರತಿದಿನ ಬೇರೆ ಬೇರೆ ಬಾವಿಯ ಸಾರು! ಕೊನೆಗೆ ಆಶ್ರಮದ ಹಿಂದಿನ ಹಳ್ಳದಲ್ಲಿ, ಉಸುಕು ತೋಡಿ ದನಗಾಹಿಗಳು ನೀರು ಕುಡಿಯುವ ಗುಂಡಿಯ ನೀರಿಗೆ ಬೇಳೆ ಹೂವಿನ ಹಾಗೆ ಅರಳಿತು. ತಾಲ್ಲೂಕಿನಿಂದ ಬಂದವರು ಆ ನೀರನ್ನು ಶೀಶೆಯಲ್ಲಿ ಒಯ್ದು ಪರೀಕ್ಷೆ ಮಾಡಿಸಿ, ಹಲ್ಲಿಗೂ ತೊಂದರೆಯಿಲ್ಲ ಎಂದು ಹೇಳಿಕಳಿಸಿದರು. ಹಳ್ಳದ ದಂಡೆಯಲ್ಲಿ ಒಂದು ತೆರೆದ ಬಾವಿ ತೋಡಿ ಕಲ್ಲು ಕಟ್ಟಿಸಿದರೆ ಆಯಿತು. ಆದರೆ ಹಣ? ಮೇಷ್ಟ್ರು ಪಟ್ಟಿ ಎತ್ತಲು ಹೋದಲ್ಲೆಲ್ಲ, ಈಗಷ್ಟೇ ಬೋರು ಹಾಕಿಸಿಕೊಂಡಿರಿ, ಮತ್ತೆ ಬಾವಿ ಏಕೆ ಎಂದು ಕೇಳಿ ಕಳಿಸಿದರು.

ಇದಾದ ಸ್ವಲ್ಪ ದಿನಕ್ಕೆ ನಮ್ಮ ಬಳಗದ ಮನೆಮನೆಗೂ ಅರಿಸಿನ ಹಚ್ಚಿದ ಲಗ್ನಪತ್ರಿಕೆ ಬಂತು. ನಮ್ಮ ಮನೆಯಲ್ಲಿ ಮದುವೆ ಇದೆ, ಬಂದು ಹರಸಬೇಕು ಎಂದು ಅತ್ತೆಯ ಹೆಸರಿನಲ್ಲಿತ್ತು. ವಧು ಯಾರು, ವರ ಯಾರು ಎಂಬುದು ಇರಲಿಲ್ಲ! ಅಷ್ಟು ಸಾಕಾಗಿತ್ತು. ಅರವತ್ತರ ಹತ್ತಿರ ಬಂದ ಮುದುಕಿ ಕೊನೆಗೂ ಮದುವೆಯಾಗುತ್ತಿದ್ದಾಳೆ ಎಂಬ ಸುದ್ದಿ ನಮ್ಮ ತಾಲ್ಲೂಕಿನ ಅರಸೀಕೆರೆಯಿಂದ ಹಂಪಸಾಗರದವರೆಗೆ ಹಬ್ಬಿತು. ವರ ಆಶ್ರಮದ ಮೇಷ್ಟ್ರೇ ಎಂದು ಕೆಲವರು. ನಮ್ಮವ್ವ ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ. ಕರೆದರೆ ಬಾರದ ನೆಂಟರೆಲ್ಲ ಟ್ರ್ಯಾಕ್ಟರ್ ಮಾಡಿಕೊಂಡು ಬಂದಿಳಿದರು.

ಹಳ್ಳದ ದಂಡೆಯಲ್ಲಿ ಚಪ್ಪರ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಎಲ್ಲರಿಗೂ ಕುಂಕುಮ ಹಚ್ಚುತ್ತಿದ್ದಳು. ಕೂಡ್ಲಿಗಿಯ ನಮ್ಮ ಚಿಗವ್ವನಿಗೆ ತಡೆಯಲಾಗಲಿಲ್ಲ, ವರ ಎಲ್ಲಿ ಎಂದು ಕೇಳಿಯೇಬಿಟ್ಟಳು. ಅತ್ತೆ ಚಪ್ಪರದ ನಡುವೆ ಕೈ ತೋರಿಸಿದಳು. ಅಲ್ಲಿ ಸುಣ್ಣದಲ್ಲಿ ಬರೆದ ದೊಡ್ಡದೊಂದು ಸೊನ್ನೆ, ಸುತ್ತಲೂ ಮಾವಿನೆಲೆ ಕಟ್ಟಿದ ನಾಲ್ಕು ಗೂಟ. ಆಮೇಲೆ ಮೈಕಿನ ಮುಂದೆ ನಿಂತಳು.

"ನಿಮ್ಮೆಲ್ಲಾರ ಮದುವ್ಯಾಗೂ ನಾ ಮುಯ್ಯಿ ಮಾಡೀನಿ. ನಿಮ್ಮ ಮನ್ಯಾಗ ಮದುವಿ ಆದಾಗ ತೀರಸ್ತೀವಿ ಅಂತಿದ್ರಿ. ನನಗ ಮದುವಿ ಆಗಲಿಲ್ಲ. ಹಂಗಂತ ನನ್ನ ಮುಯ್ಯಿ ಮುಳುಗಬೇಕೇನು? ಇವತ್ತು ಈ ಬಾವ್ಯಾಗ ಬರೋ ನಮ್ಮ ಗಂಗವ್ವನ ಮದುವಿ. ಮಾಡ್ರಿ."

ನಮ್ಮ ಕಡೆ ಏನು ಬೇಕಾದರೂ ಮರೆತಾರು, ಮುಯ್ಯಿ ಮರೆತವರೆಂದು ಅನ್ನಿಸಿಕೊಳ್ಳಲು ಯಾರೂ ತಯಾರಿಲ್ಲ. ಅದೂ ಮೈಕಿನಲ್ಲಿ! ಮೊದಲು ಎದ್ದವರು ಕೊಟ್ಟೂರಿನ ವೆಲ್ಡಿಂಗ್ ಅಂಗಡಿಯ ಸಾಬರು. ಅವರಿಗೆ ವಿಷಯ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ, ಕೈಯಲ್ಲಿ ಗೋಣಿಚೀಲದಲ್ಲಿ ಸುತ್ತಿದ್ದ ಬಾವಿಯ ರಾಟೆ ಇತ್ತು. "ಅಮ್ಮಾ, ನೀವು ಕೊಟ್ಟ ಕೊಡ ನನ್ನ ಮಗಳ ಮನ್ಯಾಗ ಇನ್ನಾ ಐತಿ. ಇದು ಅದರ ಜೋಡಿ ಅನ್ಕೋರಿ" ಎಂದು ಸೊನ್ನೆಯ ಪಕ್ಕ ಇಟ್ಟರು. ಆಮೇಲೆ ಸಾಲು ನಿಂತಿತು. ಸಿಮೆಂಟು, ಕಟ್ಟಡದ ಕಲ್ಲು, ಹಗ್ಗ, ನೋಟು, ಬಂಗಾರದ ಒಂದು ಉಂಗುರ. ಮೇಷ್ಟ್ರು ಮೈಕಿನಲ್ಲಿ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಬಸ್ಸಿನ ಆ ಕಂಡಕ್ಟರೂ ಹೆಂಡತಿಯ ಜೊತೆ ಬಂದಿದ್ದ.

ಫೋಟೊದವನು ಎಲ್ಲರನ್ನೂ ಸೊನ್ನೆಯ ಸುತ್ತ ನಿಲ್ಲಿಸಿ ನಗಿರಿ ಎಂದ. ಅತ್ತೆ ನಕ್ಕಳು, ಅಂಗೈ ಬಾಯಿಗೆ. ಆಶ್ರಮದ ಮಕ್ಕಳೂ ನಕ್ಕರು, ಅಷ್ಟೂ ಅಂಗೈ ಬಾಯಿಗೆ. ಕೈ ಇಳಿಸಿರೆಂದು ಎಷ್ಟು ಹೇಳಿದರೂ ಕೇಳದಿದ್ದಾಗ ಅವನು ಬೇಸತ್ತು ಹಾಗೇ ತೆಗೆದ. ಆ ಫೋಟೊ ನೋಡಿದರೆ ಯಾವುದೋ ಕೆಟ್ಟ ವಾಸನೆ ಬಂದಾಗ ತೆಗೆದದ್ದು ಎನ್ನಬೇಕು!

ನಮ್ಮಪ್ಪ ಅದರಲ್ಲಿಲ್ಲ. ಹುಡುಕಿಕೊಂಡು ಹೋದರೆ ಚಪ್ಪರದ ಹಿಂದೆ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಕೂತಿದ್ದ. ಅವತ್ತು ನನಗೆ ಮೊದಲ ಸಲ ಹೇಳಿದ.

"ನಮ್ಮೂರ ನೀರೂ ಇಂಥದ ಇತ್ತವ್ವಾ. ಅಕ್ಕನ್ನ ನೋಡಾಕ ಹಿರೇಹಡಗಲಿಯಿಂದ ಬಂದಿದ್ರು. ಎಲ್ಲಾ ಒಪ್ಪಿಗಿ ಆಗಿತ್ತು. ನಾ ಸಣ್ಣಾವ, ಅವಲಕ್ಕಿ ತಟ್ಟಿ ಹಿಡ್ಕಂಡು ಎಡವಿ ಬಿದ್ದೆ. ಅಕ್ಕ ನಕ್ಕುಬಿಟ್ಲು. ಆಕಿ ಹಲ್ಲು ನೋಡಿ ಅವರು ಕೈ ತೊಳಕಂಡು ಎದ್ದು ಹೋದ್ರು. ಮತ್ತ ಯಾರೂ ಬರಲಿಲ್ಲ. ಅವತ್ತು ಬಾಯಿಗೆ ಹೋದ ಕೈ ನೋಡು ಅದು, ಇನ್ನಾ ಇಳಿದಿಲ್ಲ."

ನನಗೆ ಆ ಬೇಳೆಯ ಮೇಲಿನ ಬೈಗುಳ ನೆನಪಾಯಿತು. ನಾನು ಅದಕ್ಕೆ ನಕ್ಕಿದ್ದೆನಲ್ಲ! ಇಷ್ಟು ವರ್ಷ ಮಂದಿಯ ಮದುವೆಗೆಲ್ಲ ಕೊಡ ಹೊತ್ತುಕೊಂಡು ಹೋಗುವಾಗ ಅವಳ ಮನಸ್ಸಿನಲ್ಲಿ ಏನಿತ್ತೋ, ನಾವು ಒಬ್ಬರೂ ಕೇಳಿರಲಿಲ್ಲ.

ಬಾವಿಯ ಕೆಲಸ ಶುರುವಾಯಿತು. ತೋಡುವವರಿಗೂ ಅವಳೇ ರೊಟ್ಟಿ ಬಡಿದಳು. ಕಲ್ಲು ಅಡ್ಡ ಬಂದಾಗ ದಂಡೆಯಲ್ಲಿ ನಿಂತು ಕಲ್ಲಿಗೂ ಬೈದಳು. ಅವಳ ಕಾಲು ಬಾತಿದ್ದನ್ನು ನೋಡಿ, ನಿಂತು ನಿಂತು ಹಾಗಾಗಿದೆ ಎಂದುಕೊಂಡೆವು. ಮುಖವೂ ಬಾತಾಗ ದಾವಣಗೆರೆಗೆ ಕರೆದೊಯ್ದೆವು. ಎರಡೂ ಮೂತ್ರಪಿಂಡ ಕೆಟ್ಟಿವೆ ಎಂದರು. ಡಾಕ್ಟರು ಒಂದು ಸಣ್ಣ ಲೋಟ ತೋರಿಸಿ, ದಿನಕ್ಕೆ ಇಷ್ಟೇ ನೀರು, ಇದಕ್ಕಿಂತ ಒಂದು ಗುಟುಕು ಹೆಚ್ಚಿಗೆ ಬೇಡ ಎಂದು ನನಗೆ ತಾಕೀತು ಮಾಡಿದರು.

ಹರಪನಹಳ್ಳಿಯ ಬೇಸಿಗೆ. ಅತ್ತೆ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಿ ಆ ಲೋಟವನ್ನು ನೋಡುತ್ತಿದ್ದಳು. "ಬಾವಿ ತೋಡಿಸಿದಾಕಿಗೆ ಲೋಟದ ನೀರು. ಚಂದ ಆತು ಬಿಡವ್ವಾ" ಎಂದಳು. ನಮ್ಮವ್ವ ಅಡುಗೆಮನೆಗೆ ಹೋಗಿ ಅತ್ತಳು. ಉಪ್ಪಿಗಾಗಿ ಜಗಳವಾಡಿದ ಅವಳಿಗೆ ಈಗ ಅತ್ತೆಯ ಊಟಕ್ಕೆ ಉಪ್ಪನ್ನೇ ಹಾಕುವಂತಿರಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ಬಂದರು. ಕಂಕುಳಲ್ಲಿ ಸ್ಟೀಲಿನ ಕೊಡ, ಬಾಯಿಗೆ ಬಿಗಿದ ಬಟ್ಟೆ. ಬಾವಿಗೆ ನೀರು ಬಂದಿತ್ತು. ಮೇಷ್ಟ್ರು ಇವತ್ತು ಬರುತ್ತಾರೆಂಬ ಸುದ್ದಿ ಹಿಂದಿನ ದಿನವೇ ಮುಟ್ಟಿದ್ದರಿಂದ ಅತ್ತೆ ಬೆಳಗಿನಿಂದ ಒಂದು ಗುಟುಕೂ ಕುಡಿಯದೆ ತನ್ನ ಪಾಲನ್ನು ಉಳಿಸಿಕೊಂಡಿದ್ದಳು. ನಾನು ಆ ಲೋಟದ ಅಳತೆಗೆ ತುಂಬಿ ಕೊಟ್ಟೆ. ಒಂದು ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು, ಇನ್ನೊಂದರಲ್ಲಿ ಲೋಟ ಹಿಡಿದು ಒಂದು ಗುಟುಕು ಬಾಯಲ್ಲಿ ಹೊರಳಾಡಿಸಿದಳು. ನಾವೆಲ್ಲ ಅವಳ ಮುಖ ನೋಡುತ್ತಿದ್ದೆವು.

"ಸಪ್ಪಗೈತಲ್ಲ" ಎಂದಳು.

ಹುಟ್ಟಿದ ಊರಿನಲ್ಲಿ ಸವಳು, ಆಶ್ರಮದಲ್ಲಿ ಸವಳು. ಸಿಹಿನೀರಿನ ರುಚಿ ಅವಳ ನಾಲಿಗೆಗೆ ಹತ್ತಲೇ ಇಲ್ಲ. ಮೇಷ್ಟ್ರ ಮುಖ ಸಣ್ಣದಾಯಿತು. ಅಷ್ಟರಲ್ಲಿ ಅವಳೇ, ಬೇಳೆ ಬೆಂತೇನು ಎಂದು ಕೇಳಿದಳು. ಮೇಷ್ಟ್ರು ಚೀಲದಿಂದ ಸಾರಿನ ಡಬ್ಬಿ ತೆಗೆದರು. ಹುಡುಗಿಯರು ರೂಢಿಯ ಪ್ರಕಾರ ನಸುಕಿನಲ್ಲೇ ಬೇಳೆ ಒಲೆಗೆ ಇಟ್ಟು ಮಲಗಿದ್ದರಂತೆ. ಎದ್ದು ನೋಡಿದರೆ ಪಾತ್ರೆಯಲ್ಲಿ ಬೇಳೆಯೇ ಇಲ್ಲ, ಬರೀ ಗಂಜಿ. ಯಾರು ಕದ್ದರು ಎಂದು ಹುಡುಗಿಯರೆಲ್ಲ ಜಗಳವಾಡಿದರಂತೆ!

ಅತ್ತೆ ನಕ್ಕಳು. ಒಂದು ಕೈಯಲ್ಲಿ ಪಟ್ಟಿ, ಒಂದು ಕೈಯಲ್ಲಿ ಲೋಟ. ಬಾಯಿಗೆ ಅಡ್ಡ ಹಿಡಿಯಲು ಕೈ ಇರಲಿಲ್ಲ. ನಾನು ಅವಳ ಹಲ್ಲು ನೋಡಿದ್ದು ಅದೇ ಮೊದಲು. ಕಂದುಬಣ್ಣದ, ಸಾಲಾದ, ಸಣ್ಣ ಹಲ್ಲುಗಳು. ಎಷ್ಟು ಚಂದ ನಗುತ್ತಿದ್ದಳು ನಮ್ಮ ಅತ್ತೆ! ಮಳೆಗಾಲ ಬರುವ ಮೊದಲೇ ಹೋಗಿಬಿಟ್ಟಳು.

ಈಗ ಕೆಲವು ವರ್ಷಗಳ ಮೇಲೆ ಮೊನ್ನೆ ಆಶ್ರಮಕ್ಕೆ ಹೋಗಿದ್ದೆ. ಅಡುಗೆಮನೆಯ ಗೋಡೆಯ ಮೇಲೆ ಆ ಮದುವೆಯ ಫೋಟೊ ಇದೆ. ಬಾವಿಯಾದ ಮೇಲೆ ಬಂದ ಮಗುವಿರಬೇಕು, ಏಳೆಂಟು ವರ್ಷದ ಒಬ್ಬ ಹುಡುಗಿ ನನಗೆ ಕುಡಿಯಲು ನೀರು ತಂದುಕೊಟ್ಟು, ನಾನು ಫೋಟೊ ನೋಡುವುದನ್ನು ನೋಡಿ ಪಕ್ಕದಲ್ಲಿ ನಿಂತಳು.

"ಇವ್ರೆಲ್ಲಾ ಯಾಕ ಬಾಯಿ ಮುಚ್ಕಂಡಾರ?" ಎಂದು ಕೇಳಿದಳು.

ನಗು ಬಂದಿತ್ತು ಅದಕ್ಕೆ, ಎಂದೆ.

"ನಗು ಬಂದ್ರ ಯಾರರ ಬಾಯಿ ಮುಚ್ಕಂತಾರೇನು?" ಎಂದು ಅವಳು ಹೊಸದಾಗಿ ಬಂದ ಬಿಳಿಯ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕಳು. ನನ್ನನ್ನು ಛೇಡಿಸಲು ಕೇಳಿದ್ದಲ್ಲ. ಆ ಮಗುವಿಗೆ ಅದು ನಿಜವಾಗಿಯೂ ಗೊತ್ತಿರಲಿಲ್ಲ.