ಟೋಕನ್ ಯಂತ್ರದವರಿಗೆ, ಅರವತ್ತನಾಲ್ಕರ ನಕಲಿ ಅಜ್ಜನಿಂದ

ಮಾನ್ಯ ಟೋಕನ್ ಯಂತ್ರದವರೇ,

ಆಸ್ಪತ್ರೆಯ ಬಾಗಿಲಲ್ಲಿ ಹಗಲಿಡೀ ನಿಂತು, ಒಮ್ಮೆಯೂ ಕಾಲುನೋವೆನ್ನದೆ, ಬಂದವರ ವಯಸ್ಸು ವಿಚಾರಿಸುವ ತಮಗೆ, ಬೇಕರಿಯಲ್ಲಿ ಬ್ರೆಡ್ ಮಾಡುವವನೊಬ್ಬನ ಅನಂತ ವಂದನೆಗಳು. ಕಾಲಿಗೇ ಬೀಳಬೇಕೆಂದಿದ್ದೆ, ಹೊಟ್ಟೆಯ ಹೊಲಿಗೆ ಬಿಡಲಿಲ್ಲ.

ಮೊದಲ ಸಲ ಬಂದಾಗ ಕರುಳಿನ ತಪಾಸಣೆಯ ಗುಂಡಿಯೊತ್ತಿ, ವಯಸ್ಸು ಮೂವತ್ತನಾಲ್ಕು ಎಂದು ನಿಜವನ್ನೇ ನುಡಿದೆ. ತಾವು ಹಳದಿ ನಗುಮುಖ ತೋರಿಸಿ, ಐವತ್ತು ತುಂಬಿದ ಮೇಲೆ ಬನ್ನಿ ಎಂದಿರಿ. ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ಹೇಳಲು ತಮ್ಮಲ್ಲಿ ಗುಂಡಿಯಿರಲಿಲ್ಲ. ಇಷ್ಟು ಎಳೆಯನೆಂದು ಮದುವೆಯ ದಿನವೂ ಯಾರೂ ನನ್ನನ್ನು ಹೊಗಳಿರಲಿಲ್ಲವಾದ್ದರಿಂದ ಉಬ್ಬಿಹೋಗಿ ಮನೆಗೆ ನಡೆದೆ. ನಿಂತು ನಿಂತು ಮೂಲವ್ಯಾಧಿ ಬಂದಿದೆ ಎಂದರು ಬೇಕರಿಯ ಮಾಲೀಕರು. ಸೊಂಟ ಕರಗಿ ಕಾಲೇಜು ಹುಡುಗನ ಹಾಗೆ ಕಾಣ್ತೀಯ ಎಂದಳು ಅಕ್ಕ. ಪ್ಯಾಂಟು ಜಾರದಂತೆ ಹಿಟ್ಟಿನ ಚೀಲದ ದಾರ ಕಟ್ಟಿಕೊಂಡು ಕೆಲವು ತಿಂಗಳು ಯೌವನ ಅನುಭವಿಸಿದೆ.

ನನ್ನ ಹೆಂಡತಿಗೆ ಮಾತ್ರ ತಮ್ಮ ಮೇಲೆ ಗೌರವ ಕಡಿಮೆ. ಆ ದಾರ ಕಂಡವಳೇ ನನ್ನನ್ನು ಕೆಲಸದಿಂದ ನೇರವಾಗಿ ಎಳೆದುತಂದು, ತಮ್ಮ ಗುಂಡಿಗಳ ಮೇಲೆ ತನ್ನ ಅಪ್ಪನ ವಯಸ್ಸನ್ನು, ಅಂದರೆ ಅರವತ್ತನಾಲ್ಕನ್ನು ಒತ್ತಿದಳು. ತಾವು ತಕರಾರಿಲ್ಲದೆ ಟೋಕನ್ ಕೊಟ್ಟಿರಿ. ನರ್ಸಮ್ಮ ಅಜ್ಜಾ ಬನ್ನಿ ಎಂದು ಕರೆದಾಗ ತಲೆತುಂಬ ಮೈದಾಹಿಟ್ಟು ಮೆತ್ತಿಕೊಂಡಿದ್ದ ನಾನು ಎದ್ದುನಿಂತೆ; ಅವರಿಗೆ ಅನುಮಾನವೇ ಬರಲಿಲ್ಲ. ಅನುಮಾನ ಬಂದದ್ದು ಕ್ಯಾಮೆರಾ ಒಳಗೆ ಹೋದ ಮೇಲೆ ಡಾಕ್ಟರಿಗೆ, ಅದೂ ನನ್ನ ವಯಸ್ಸಿನ ಬಗ್ಗೆ ಅಲ್ಲ. ನಮ್ಮ ಈ ಸುಳ್ಳನ್ನು ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು. ನಾನೇ ಹಾಕಿಕೊಳ್ಳೋಣವೆಂದರೆ ಈಗ ನನಗೆ ಕರುಳು ಒಂದು ಗೇಣು ಕಡಿಮೆ.

ಕರುಳಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದ ಇಂಥ ಎಳೆವಯಸ್ಸಿನವರು ಈಚೆಗೆ ಹೆಚ್ಚುತ್ತಿದ್ದಾರೆ, ಯಾಕೆಂದು ಪೂರ್ತಿ ತಿಳಿದಿಲ್ಲ ಎನ್ನುತ್ತಾರೆ ಡಾಕ್ಟರು. ಆದ್ದರಿಂದ ತಮ್ಮ ನಿಯಮವನ್ನು ದಯವಿಟ್ಟು ಗಡ್ಡೆಗಳಿಗೂ ತಿಳಿಸಿ, ಐವತ್ತರವರೆಗೆ ಹೊರಗೆ ಬೆಂಚಿನ ಮೇಲೆ ಕಾಯುವಂತೆ ಅವಕ್ಕೂ ಆ ನಗುಮುಖ ತೋರಿಸಬೇಕಾಗಿ ವಿನಂತಿ. ಅದಾಗದಿದ್ದರೆ, ನನ್ನನ್ನು ಬರಹೇಳಿದ ಆ ಐವತ್ತನ್ನಾದರೂ ನನಗೆ ಕೊಡಿಸಿ. ಮಗಳಿಗೆ ಈಗಷ್ಟೇ ಹಾಲುಹಲ್ಲು ಬೀಳುತ್ತಿದೆ, ಸ್ವಾಮಿ, ನನಗೆ ಭಯವಾಗುತ್ತದೆ. ಐವತ್ತು ತುಂಬಿದ ದಿನ ಖಂಡಿತ ಬರುತ್ತೇನೆ, ಸಾಲು ಎಷ್ಟೇ ಉದ್ದವಿರಲಿ, ಖುಷಿಯಿಂದ ನಿಲ್ಲುತ್ತೇನೆ.

ಸದ್ಯಕ್ಕೆ ಮೂವತ್ತೈದು ಮುಟ್ಟಿರುವ
ತಮ್ಮ ವಿಶ್ವಾಸಿ,
ನಕಲಿ ಅಜ್ಜ

ತಾ.ಕ.: ಒಡಹುಟ್ಟಿದವರನ್ನೂ ಪರೀಕ್ಷಿಸಬೇಕಂತೆ. ಜೊತೆಯಲ್ಲೇ ಹಿಟ್ಟು ನಾದುವ ನನ್ನ ತಮ್ಮ ಸೋಮವಾರ ಬರುತ್ತಾನೆ, ಅವನಿಗೆ ಇಪ್ಪತ್ತೊಂಬತ್ತು. ಅರವತ್ತನಾಲ್ಕು ಅಂತಲೇ ಒತ್ತು, ತಲೆಯ ಹಿಟ್ಟು ಕೊಡವಬೇಡ ಎಂದು ಹೇಳಿ ಕಳಿಸುತ್ತಿದ್ದೇನೆ. ಒಂದೇ ಮನೆಯಿಂದ ಇಷ್ಟೊಂದು ಅಜ್ಜಂದಿರು ಯಾಕೆ ಬರುತ್ತಿದ್ದಾರೆಂದು ತಾವು ಕೇಳುವುದಿಲ್ಲ ಎಂಬ ಭರವಸೆಯಿದೆ. ಅದಕ್ಕೂ ತಮ್ಮಲ್ಲಿ ಗುಂಡಿಯಿಲ್ಲ.